ಒಂದು ಕ್ಯಾನು ಹೆಪ್ಪು

ಆಯಿಯ ಮೂಗಿನ ಎಡ ಹೊಳ್ಳೆಯಲ್ಲಿ ಒಂದು ಬೇವಿನ ಕಡ್ಡಿ ಇರುತ್ತಿತ್ತು. ಗಂಡ ಸತ್ತ ಮೇಲೆ ಮೂಗುತಿ ತೆಗೆದಿದ್ದಳು. ತೂತು ಮುಚ್ಚಿಹೋಗಬಾರದೆಂದು ಆ ಕಡ್ಡಿ. ಪ್ರತಿದಿನ ಬೆಳಿಗ್ಗೆ ಪಾಯಖಾನೆಯ ಹಿಂದೆ ನೀರು ಹೊರಬೀಳುವ ಕೊಳವೆಯ ಎದುರು ಕುಕ್ಕರಗಾಲಲ್ಲಿ ಕೂತು ವಾಸನೆ ಹಿಡಿಯುತ್ತಿದ್ದಳು. ಆಗ ಆ ಕಡ್ಡಿ ಮೇಲೆ ಕೆಳಗೆ ಆಡುತ್ತಿತ್ತು. "ಇವತ್ತ ಚಲೋ ಐತ್ರಿ" ಎನ್ನುವಳು. ನೀರಿನ ಪರೀಕ್ಷೆಯ ಕಾಗದ ಬರಲು ತಿಂಗಳಾಗುತ್ತಿತ್ತು, ಬಂದರೂ ಅದರಲ್ಲಿ ಅವಳು ಹೇಳಿದ್ದೇ ಇರುತ್ತಿತ್ತು.

ನಾಲತವಾಡದ ಸಂತೆ ಬಯಲಿನ ಹಿಂದಿದ್ದ ಸಾರ್ವಜನಿಕ ಪಾಯಖಾನೆಯನ್ನು ನೋಡಿಕೊಳ್ಳುತ್ತಿದ್ದವಳು ಆಯಿ. ನಾನು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ನಾಲ್ಕೂ ತಾಲೂಕುಗಳಲ್ಲಿ ಇಂಥವುಗಳ ಉಸ್ತುವಾರಿ ಹಿಡಿದಿದ್ದ ಕಂಪನಿಯ ಸೂಪರ್‌ವೈಸರ್. ಕೈಯಲ್ಲಿ ಡಿಪ್ಲೊಮಾ ಇತ್ತು, ಓಡಾಡಲು ಜೀಪು ಇತ್ತು, ಅವೆರಡಕ್ಕೂ ಮೀರಿದ ಸೊಕ್ಕು ಇತ್ತು.

ಒಳಚರಂಡಿ ಇಲ್ಲದ ಊರು. ಹಾಗಾಗಿ ಪಾಯಖಾನೆಯ ಹಿಂದೆಯೇ ನೆಲದಡಿ ಒಂದು ಟಾಕಿ, ಅದರೊಳಗೆ ಸಾಲಾಗಿ ಐದು ಕೋಣೆ. ಹೊಲಸು ನೀರು ಒಂದರಿಂದ ಇನ್ನೊಂದಕ್ಕೆ ನಿಧಾನವಾಗಿ ಹಾಯುತ್ತ ತಿಳಿಯಾಗಿ, ಕಡೆಗೆ ಜಲ್ಲಿಯ ಮಡಿಯಲ್ಲಿ ಕಾಬಾಳೆ ಗಿಡಗಳ ಬೇರು ದಾಟಿ ಹೊರಗೆ ಬರುತ್ತದೆ. ಮೋಟರಿಲ್ಲ, ಕರೆಂಟಿಲ್ಲ. ಕೆಲಸವೆಲ್ಲ ಟಾಕಿಯೊಳಗಿನ ಸೂಕ್ಷ್ಮಜೀವಿಗಳದ್ದು. ತರಬೇತಿಯ ದಿನ ನಾನಿದನ್ನು ಅರ್ಧ ತಾಸು ವಿವರಿಸಿದೆ. ಹಿಂದೆ ಕೂತಿದ್ದ ಆಯಿ, "ಹೆಪ್ಪು ಅನ್ರಿ ಸಾಹೇಬ್ರ. ಅಷ್ಟಕ್ಕ ಇಷ್ಟ್ಯಾಕ ಮಾತು?" ಎಂದಳು. ಎಲ್ಲರೂ ನಕ್ಕರು. ನನಗೆ ಸಿಟ್ಟು ಬಂತು. ಆದರೆ ಅಂದಿನಿಂದ ನಾಲ್ಕೂ ತಾಲೂಕಿನಲ್ಲಿ ಅದರ ಹೆಸರು ಹೆಪ್ಪು ಎಂದೇ ಆಯಿತು.

ಆ ಹೆಪ್ಪು ಕೆಡಬಾರದೆಂದು ಅವಳು ಆ್ಯಸಿಡ್ಡು, ಫಿನಾಯಿಲು ಒಳಗೆ ಬರಗೊಡುತ್ತಿರಲಿಲ್ಲ. ಬೂದಿ ಹಾಕಿ ತಿಕ್ಕುತ್ತಿದ್ದಳು. ಮಧ್ಯಾಹ್ನ ಟಾಕಿಯ ಕಬ್ಬಿಣದ ಮುಚ್ಚಳದ ಮೇಲೆಯೇ ಕೂತು ರೊಟ್ಟಿ ಬಿಚ್ಚುತ್ತಿದ್ದಳು.

"ಆಯಿ, ಉಣ್ಣಾಕ ಬ್ಯಾರೆ ಜಾಗಾ ಸಿಗಲಿಲ್ಲೇನು?" ಎಂದು ಒಮ್ಮೆ ಚೇಷ್ಟೆ ಮಾಡಿದೆ.

"ಇದರ ಮ್ಯಾಲ ನಾ ಕುಂತಿದ್ರ ಇದರಾಗ ಯಾರೂ ಇಳಿಯೂದಿಲ್ರಿ" ಎಂದಳು.

ಅವಳ ಗಂಡ ಇಂಡಿಯಲ್ಲಿ ಯಾರದೋ ಮನೆಯ ಪಾಯಖಾನೆ ಗುಂಡಿಗೆ ಇಳಿದು ಉಸಿರುಗಟ್ಟಿ ಸತ್ತಿದ್ದ. ಹಗ್ಗ ಹಾಕಿ ಎಳೆದಾಗ ಅವನ ಬಾಯಿ ತುಂಬ ಹೊಲಸಿತ್ತಂತೆ. ಬೆರಳು ಹಾಕಿ ತೆಗೆದವಳು ಇವಳೇ. ಹೆಪ್ಪು ಸರಿ ಇದ್ದರೆ ಟಾಕಿ ಕಟ್ಟಿಕೊಳ್ಳುವುದಿಲ್ಲ, ಕಟ್ಟಿಕೊಳ್ಳದಿದ್ದರೆ ಯಾರೂ ಇಳಿಯಬೇಕಿಲ್ಲ. ಅವಳ ಲೆಕ್ಕ ಇಷ್ಟೇ ಇತ್ತು.

ಒಂದು ಬೇಸಿಗೆಯಲ್ಲಿ ದೊಡ್ಡ ಅಧಿಕಾರಿಯೊಬ್ಬರು ನೋಡಲು ಬರುತ್ತಾರೆಂದು ಸುದ್ದಿ ಬಂತು. ಘಮಘಮ ಅನ್ನಬೇಕೆಂದು ಕಂಪನಿಯಿಂದ ಫೋನು. ನಾನು ಎರಡು ಕ್ಯಾನು ಫಿನಾಯಿಲು, ಒಂದು ಕ್ಯಾನು ಆ್ಯಸಿಡ್ಡು ಇಳಿಸಿದೆ. ಆಯಿ ಬಾಗಿಲಿಗೆ ಅಡ್ಡ ನಿಂತಳು.

"ಹಾಲಿಗೆ ಫಿನಾಯಿಲ್ ಹಾಕಿ ಮೊಸರು ಕೇಳ್ತೀರೇನ್ರಿ?"

"ನನಗ ಪಾಠ ಹೇಳಬ್ಯಾಡ, ಸರಿ ಆ ಕಡೆ" ಎಂದೆ. ನನ್ನ ಕೈಯಿಂದಲೇ ಸುರಿದೆ. ಅಧಿಕಾರಿ ಮೂರು ನಿಮಿಷ ಇದ್ದು, ವಾಸನೆಯೇ ಇಲ್ಲವೆಂದು ಹೊಗಳಿ ಹೋದರು. ಆಯಿ ಆ ದಿನ ರೊಟ್ಟಿ ಬಿಚ್ಚಲಿಲ್ಲ.

ವಾರ ಕಳೆಯುವಷ್ಟರಲ್ಲಿ ಟಾಕಿ ಸತ್ತಿತು. ಕೊಳವೆಯಿಂದ ಕರಿ ನೀರು ಬಂತು, ಕಾಬಾಳೆ ಎಲೆ ಹಳದಿಯಾದವು, ಹೊಲಸು ಹಿಂದಕ್ಕೆ ಉಕ್ಕಿ ಪಾಯಖಾನೆಯೊಳಗೇ ನಿಂತಿತು. ಸುತ್ತಲಿನ ಓಣಿಯ ಹೆಂಗಸರು ಮತ್ತೆ ಜಾಲಿಕಂಟಿಯ ಮರೆ ಹುಡುಕಿಕೊಂಡು ಹೊರಟರು. ಹೊಲಸು ಹೀರುವ ಗಾಡಿ ಸದ್ಯಕ್ಕೆ ಸಿಗದೆಂದು ಕಂಪನಿ ಇಬ್ಬರು ಆಳುಗಳನ್ನು ಹಗ್ಗ, ಬಕೀಟು ಕೊಟ್ಟು ಕಳಿಸಿತು. ಅವರು ಅಂಗಿ ಬಿಚ್ಚುವ ಹೊತ್ತಿಗೆ ಆಯಿ ಮುಚ್ಚಳದ ಮೇಲೆ ಕೂತುಬಿಟ್ಟಿದ್ದಳು.

"ಇಳಸೂದಾದ್ರ ಮೊದಲ ನನ್ನ ಇಳಸ್ರಿ."

ಆಳುಗಳು ನನ್ನ ಮುಖ ನೋಡಿದರು. ಆಯಿಯೇ ದನಿ ಇಳಿಸಿ ಹೇಳಿದಳು: "ನಾಕ ದಿನಾ ಕೊಡ್ರಿ. ಮ್ಯಾಲಿನ ಕೆನಿ ಉದ್ದನ ಕೋಲಿಗೆ ಬಕೀಟ ಕಟ್ಟಿ ಮ್ಯಾಲಿಂದನ ತಗೀತೇವಿ. ಮುದ್ದೇಬಿಹಾಳದ ಖಾಲಾನ ಕಡೆ ಹೆಪ್ಪು ಚಲೋ ಐತಿ, ಇಸ್ಕೊಂಡು ಬರ್ತೇನಿ. ಜೀಪ ಕೊಡ್ರಿ, ಸಾಹೇಬ್ರ."

ಮುದ್ದೇಬಿಹಾಳದ ಪಾಯಖಾನೆಯನ್ನು ನೋಡಿಕೊಳ್ಳುತ್ತಿದ್ದವಳು ಖಾಲಾ. ಜೀಪು ಅಲ್ಲೇ ಬೇವಿನ ನೆರಳಿನಲ್ಲಿ ಖಾಲಿ ನಿಂತಿತ್ತು.

"ಸೀಟಿಗೆ ವಾಸನಿ ಹತ್ತತೈತಿ, ಆಯಿ. ಟಂಟಂನ್ಯಾಗ ಹೋಗು" ಎಂದೆ.

ಅವಳು ಖಾಲಿ ಕ್ಯಾನು ಹಿಡಿದು ಬಾಡಿಗೆಯ ಟಂಟಂ ಆಟೋ ಹತ್ತಿದಳು.

ಮುಂದಿನದನ್ನು ನನಗೆ ಹೇಳಿದವಳು ಖಾಲಾ. ಆಯಿ ತಲುಪಿದಾಗ ಸುಡುಸುಡು ಮಧ್ಯಾಹ್ನ. ಹೊತ್ತು ಇಳಿದ ಮೇಲೆ ಹೋಗೆಂದು ಖಾಲಾ ಎಷ್ಟು ಹೇಳಿದರೂ ಕೇಳಲಿಲ್ಲವಂತೆ. "ದೀಪಾ ಹಚ್ಚಿದ ಮ್ಯಾಲ ಹೆಪ್ಪು ಕೊಡಬಾರ್ದು, ಇಸ್ಕೋಬಾರ್ದು. ಈಗ ಕೊಡವಾ" ಎಂದಳಂತೆ. ಪಾಯಖಾನೆಯ ರಾಡಿಗೂ ಮೊಸರಿನ ನೇಮ! ಇಬ್ಬರೂ ನಕ್ಕು ಕ್ಯಾನು ತುಂಬಿಸಿದರು.

ವಾಪಸು ಬರುವಾಗ ಕ್ಯಾನಿನ ಬಿರಡೆ ಸಡಿಲವಾಯಿತು. ನಾಲ್ಕು ಹನಿ ಟಂಟಂನ ತಳಕ್ಕೆ ಬಿದ್ದವು. ಜನ ಮೂಗು ಮುಚ್ಚಿ ಬೈದರು, ಚಾಲಕ ಅರ್ಧ ದಾರಿಯಲ್ಲಿ ಇಳಿಸಿಬಿಟ್ಟ. ಮುಂದೆ ಯಾವ ಗಾಡಿಯೂ ಅವಳನ್ನು ಹತ್ತಿಸಿಕೊಳ್ಳಲಿಲ್ಲ. ಕ್ಯಾನನ್ನು ತಲೆಯ ಮೇಲಿಟ್ಟು ನಡೆದಳು. ನೀರು ಬೇಡಿದರೆ ತಲೆಯ ಮೇಲೇನೆಂದು ಕೇಳುತ್ತಾರೆ, ಅದಕ್ಕೇ ದಾರಿಯಲ್ಲಿ ಎಲ್ಲೂ ನೀರು ಬೇಡಲಿಲ್ಲ ಎಂದು ಆಮೇಲೆ ತನ್ನನ್ನು ನೋಡಲು ಬಂದ ಖಾಲಾಗೆ ಹೇಳಿದಳಂತೆ. ಸಂಜೆ ನಾಲತವಾಡ ಮುಟ್ಟಿ, ಮುಚ್ಚಳ ಸರಿಸಿ, ದೀಪ ಹಚ್ಚುವ ಮೊದಲೇ ಹೆಪ್ಪು ಹಾಕಿದಳು. ಆಮೇಲೆ ಗೋಡೆಗೆ ಒರಗಿದವಳು ಏಳಲಿಲ್ಲ.

ಆಸ್ಪತ್ರೆಗೆ ನಾನು ಮರುದಿನ ಹೋದೆ. ಬಿಸಿಲು ಬಡಿದಿದೆ, ಮೂತ್ರಪಿಂಡ ಕೈಕೊಟ್ಟಿದೆ ಎಂದರು ಡಾಕ್ಟರು. ಆಯಿ ಕಣ್ಣು ತೆರೆದಳು.

"ಯಾರೂ ಇಳಿದಿಲ್ಲಲ್ರಿ?"

"ಇಲ್ಲ, ಆಯಿ."

"ವಾಸನಿ?"

ಅವಳು ಹೆಪ್ಪು ಹಾಕಿದ ಮೇಲೆ ನಾನು ಟಾಕಿಯ ಕಡೆಗೆ ಹೋಗಿಯೇ ಇರಲಿಲ್ಲ. "ಚಲೋ ಐತಿ" ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು. ಸುಳ್ಳು ಗೊತ್ತಾಗಿರಬೇಕು. "ನಾಳೆ ಇನ್ನೊಂದ ಕ್ಯಾನ ತರ್ತೇನಿ" ಎಂದಳು. ಮೂರನೆಯ ದಿನ ತೀರಿಕೊಂಡಳು. ಮಣ್ಣು ಮಾಡುವ ಮೊದಲು ಯಾರೋ ಮೂಗಿನ ಬೇವಿನ ಕಡ್ಡಿ ತೆಗೆದು ಬಿಸಾಡಿದರು.

ಆಳುಗಳು ಕೋಲಿಗೆ ಬಕೀಟು ಕಟ್ಟಿ ಮೇಲಿಂದಲೇ ಕೆನೆ ತೆಗೆದರು, ಇನ್ನೂ ಬೇಕಾದ ಹೆಪ್ಪಿನ ಕ್ಯಾನುಗಳನ್ನು ಖಾಲಾಳ ಕಡೆಯಿಂದ ಜೀಪಿನಲ್ಲಿ ನಾನೇ ತಂದು ಸುರಿದೆ. ಒಂದೂವರೆ ತಿಂಗಳಿಗೆ ನೀರು ತಿಳಿಯಾಯಿತು, ಕಾಬಾಳೆ ಹೂ ಬಿಟ್ಟಿತು. ಆ ಟಾಕಿಗೆ ಇಂದಿಗೂ ಯಾರೂ ಇಳಿದಿಲ್ಲ. ಫಿನಾಯಿಲು ಸುರಿದದ್ದು ನಾನೆಂದು ಕಂಪನಿಗೆ ಬರೆದುಕೊಟ್ಟೆ. ಅವರು ಅದನ್ನು ಓದಿದರೋ ಇಲ್ಲವೋ, ಯಾರೂ ಏನೂ ಕೇಳಲಿಲ್ಲ. ಶಿಕ್ಷೆ ಕೊಟ್ಟಿದ್ದರೆ ಇಷ್ಟು ಭಾರವಾಗುತ್ತಿರಲಿಲ್ಲವೇನೋ.

ಹೋದ ತಿಂಗಳು ಸಿಂದಗಿಯ ಟಾಕಿ ಕೆಟ್ಟಿತು. ನಾಲತವಾಡದಿಂದ ಆಯಿಯ ಹೆಪ್ಪು ತುಂಬಿಸಿಕೊಂಡು, ಬಿಸಿಲೇರುವ ಮೊದಲೇ ಹೊರಟೆ. ಕ್ಯಾನನ್ನು ಹಿಂದೆ ಇಡಲಿಲ್ಲ. ಮುಂದಿನ ಸೀಟಿನಲ್ಲಿ, ನನ್ನ ಪಕ್ಕಕ್ಕೆ ಇಟ್ಟು ಬೆಲ್ಟು ಹಾಕಿದೆ. ಯಂಕಂಚಿಯ ಹತ್ತಿರ ರಸ್ತೆ ಕುಲುಕಿ ಒಂದಿಷ್ಟು ಚೆಲ್ಲಿತು. ಸೀಟಿಗೆ ವಾಸನೆ ಹತ್ತಿತು.

ತೊಳೆಯಲು ಒಂದು ಬಕೀಟು ನೀರು ಸಾಕಾಯಿತು.