ಗಂಟಿಗುಂಡು ಒಡೆದ ಮಾವ

ನನ್ನ ಸೋದರಮಾವನ ಬಲಗಿವಿ ಕೇಳುತ್ತಿರಲಿಲ್ಲ. ಯಾರಾದರೂ ಮಾತಾಡಿಸಿದರೆ ಇಡೀ ಮೈ ತಿರುಗಿಸಿ ಎಡಗಿವಿ ಕೊಡುತ್ತಿದ್ದ. ಗಂಗಾವತಿ ಸೀಮೆಯ ನಮ್ಮೂರ ಗುಡ್ಡದ ಕ್ವಾರಿಯಲ್ಲಿ ಬಂಡೆಗೆ ಮದ್ದು ತುಂಬುವುದು ಅವನ ಕೆಲಸ. ಊಟಕ್ಕೆ ಕೂರುವ ಮುಂಚೆ ಮೀಸೆಯೊಳಗಿನ ಕಲ್ಲಿನ ಪುಡಿಯನ್ನು ಒದ್ದೆ ಟವೆಲಿನಿಂದ ಒರೆಸಿಕೊಳ್ಳುತ್ತಿದ್ದ. ಅಪ್ಪ ಸತ್ತ ಮೇಲೆ ನನ್ನನ್ನೂ ಅವ್ವನನ್ನೂ ಸಾಕಿದವನು ಅವನೇ.

ಗುಡ್ಡದ ನೆತ್ತಿಯಲ್ಲಿ ಗಂಟಿಗುಂಡು ಎಂಬ ದೊಡ್ಡ ಬಂಡೆಯಿತ್ತು. ಸಣ್ಣ ಕಲ್ಲಿನಿಂದ ಬಡಿದರೆ ಗಂಟೆಯಂತೆ ನಾದ ಕೊಡುತ್ತಿತ್ತು. ಚಿರತೆ ಕಂಡರೆ ಕುರಿ ಕಾಯುವವರು ಅದನ್ನು ಬಾರಿಸುತ್ತಿದ್ದರು. ಕೆಳಗೆ ಗದ್ದೆಯಲ್ಲಿದ್ದವರು ಕೈಗೆ ಸಿಕ್ಕಿದ್ದು ಹಿಡಿದು ಮೇಲೆ ಓಡುತ್ತಿದ್ದರು. ಕ್ವಾರಿ ನೆತ್ತಿಯವರೆಗೆ ಬಂದಾಗ ಗುತ್ತಿಗೆದಾರ ಗಂಟಿಗುಂಡು ಒಡೆಯಲು ಬಿಟ್ಟರೆ ಊರಿಗೊಂದು ಸಮುದಾಯ ಭವನ ಕಟ್ಟಿಸಿಕೊಡುತ್ತೇನೆ ಎಂದ. ಹಿರಿಯರೆಲ್ಲ ಹೂಂ ಅಂದರು. ಗಂಟಿಗುಂಡಿಗೆ ಮದ್ದಿಟ್ಟವನು ಮಾವ. ಆ ಭವನದಲ್ಲಿ ನಡೆದ ಒಂದು ಮದುವೆಗೂ ಅವನು ಹೋಗಲಿಲ್ಲ. ಕರೆಯಲು ಬಂದವರಿಗೆ "ನೀವು ಉಂಡು ಬರ್ರಿ" ಎಂದು ಕಟ್ಟೆಯ ಮೇಲೆ ಕೂತುಬಿಡುತ್ತಿದ್ದ.

ಈಗ ಅಲ್ಲಿರುವುದು ಹಸಿರು ನೀರು ನಿಂತ ಹೊಂಡ. ಸಾಣಾಪುರದ ಕೆರೆ ನೋಡಲು ಬಂದವರು ಇಲ್ಲಿಗೂ ಬಂದು ಸೆಲ್ಫಿ ತೆಗೆದುಕೊಳ್ಳುತ್ತಾರೆ.

ಊರ ಶಾಲೆಗೆ ಮಾಸ್ತರನಾಗಿ ಬಂದ ಮೇಲೆ ನಾನು ಮಕ್ಕಳಿಗೆ ಗುಡ್ಡ ತೋರಿಸಲು ಹೋದೆ. ಅಂದು ಹೂಂ ಅಂದವರಲ್ಲಿ ಒಬ್ಬರಾದ ಗೌಡರು ಹಳೆಯದನ್ನು ಹೇಳಲು ಬಂದಿದ್ದರು. ಕೆಲಸ ಬಿಟ್ಟಿದ್ದ ಮಾವ ಹತ್ತಿರದಲ್ಲೇ ಆಡು ಮೇಯಿಸುತ್ತಿದ್ದ.

"ಹೊರಗಿನ ಮಂದಿ ಬಂದು ಗಂಟಿಗುಂಡು ಒಡದ್ರು ನೋಡ್ರಿ" ಎಂದರು ಗೌಡರು.

ಮಾವ ಎದ್ದು ಬಂದ. "ಅಲ್ರಿ ಗೌಡ್ರ. ಒಡದಾಂವ ನಾನು."

ನನ್ನ ಮುಖ ಬಿಸಿಯಾಯಿತು. ಅವನು ನನ್ನ ಮಾವನೆಂದು ಮಕ್ಕಳಿಗೆಲ್ಲ ಗೊತ್ತಿತ್ತು. "ಸುಮ್ನಿರು ಮಾವಾ" ಎಂದೆ.

"ಯಾಕ ಒಡದಿ ಅಜ್ಜಾ?" ಹುಡುಗಿಯೊಬ್ಬಳು ಕೇಳಿದಳು.

"ಎಲ್ಲಾರೂ ಹೂಂ ಅಂದ್ರವಾ. ನನಗೂ ಬ್ಯಾಡ ಅನ್ನಾಕ ಬಾಯಿ ಬರಲಿಲ್ಲ."

ಗೌಡರು ಚಪ್ಪಲಿಯೊಳಗಿನ ಹರಳು ತೆಗೆಯುವ ನೆಪದಲ್ಲಿ ಬಾಗಿದರು.

ಮಕ್ಕಳು ಮನೆಗೆ ಹೋಗಿ ತಮ್ಮ ಅಜ್ಜಂದಿರನ್ನು ಕೇಳಿದರಂತೆ, "ನೀನೂ ಹೂಂ ಅಂದಿದ್ದೇನು?" ಎಂದು. ಮರುದಿನ ಚಹಾದಂಗಡಿಯ ಮುಂದಿದ್ದ ಹಿರಿಯರು ನನ್ನನ್ನು ಕಂಡು ಮಾತು ನಿಲ್ಲಿಸಿದರು.

ಮಾವ ಹೋದ ವರ್ಷ ತೀರಿಕೊಂಡ. ಮಣ್ಣಿಗೆ ಊರೆಲ್ಲ ಬಂದಿತ್ತು. ಅವನ ಬಾಯಿ ಮುಚ್ಚಿಸಲು ಹೋದೆನಲ್ಲ ಎಂಬ ನಾಚಿಕೆ ನನ್ನನ್ನು ಬಿಟ್ಟಿಲ್ಲ. ಈಗ ಮಕ್ಕಳನ್ನು ಹೊಂಡದ ಬಳಿ ಕರೆದೊಯ್ದಾಗ "ನಾವು ಒಡೆದೆವು" ಎಂದೇ ಹೇಳುತ್ತೇನೆ. ಆ "ನಾವು" ಹೇಳುವಾಗ ಮಾತ್ರ ಅವರ ಮುಖ ನೋಡಲು ನನ್ನಿಂದಾಗುವುದಿಲ್ಲ.