ಮಹಡಿ ಮೇಲಿನ ಜೋಳ

ಉತ್ತರದ ಊರೊಂದರಲ್ಲಿ ಭೂಕಂಪ ಕಂಡು ಬಂದವನು ನಾನು. ಅಲ್ಲಿ ಬಂಡೆಯ ಮೇಲಿದ್ದ ಮನೆಗಳು ನಿಂತವು, ಕೆರೆ ಮುಚ್ಚಿ ಕಟ್ಟಿದವು ಕುಸಿದವು. ಹೊನ್ನಾಳಿಯ ಜೋಳದ ವ್ಯಾಪಾರಿ ಸಾಬರು ತಮ್ಮ ಹೊಸ ಮಹಡಿ ತೋರಿಸಿದಾಗ ಆ ಕುಸಿದ ಮನೆಗಳೇ ನೆನಪಾದವು. ಹೊಂಡ ಮುಚ್ಚಿದ ನೆಲ, ಮಣ್ಣಿನ ಗೋಡೆ, ಮಹಡಿ ತುಂಬ ಜೋಳದ ಚೀಲ!

“ಭೂಮಿ ನಡುಗಿದರೆ ಈ ಭಾರವೆಲ್ಲ ನಿಮ್ಮ ತಲೆ ಮೇಲೇ. ಕೆಳಗಿಳಿಸಿರಿ,” ಎಂದೆ.

“ಕೆಳಗಿಟ್ರೆ ಹೊಳೆ ನೀರು ನುಗ್ಗತೈತ್ರೀ. ಹೊಳೆ ಮಳೆಗಾಲಕ್ಕೆ ಬರ್ತೈತೆ. ನಿಮ್ಮ ಭೂಕಂಪ ಯಾವಾಗ ಬರ್ತೈತೆ, ಹೇಳ್ರಿ?”

ಬಾಯಿ ತೆರೆಯುವಷ್ಟರಲ್ಲಿ ನೆಲ ಅದುರಿತು, ಚಹಾದ ಬಸಿ ಗಲಗಲ ಎಂದಿತು. ನಾನು ಬರಿಗಾಲಲ್ಲೇ ಬೀದಿಗೆ ಓಡಿದೆ. ನೋಡಿದರೆ, ಕಲ್ಲು ಹೇರಿದ ಎತ್ತಿನ ಗಾಡಿ!

ಸಾಬರು ನಗುತ್ತಾ ನನ್ನ ಚಪ್ಪಲಿ ತಂದುಕೊಟ್ಟರು. ಗಾಡಿಯನ್ನು ನೋಡಿದರು, ಮಹಡಿಯನ್ನು ನೋಡಿದರು, ನಗು ನಿಂತಿತು.

“ಚಾಪೆ ಹೊರಗೇ ಹಾಸ್ರಿ, ಊಟ ಬೇವಿನ ಮರದ ಕೆಳಗೆ,” ಎಂದು ಮನೆಯವರಿಗೆಲ್ಲ ಕೂಗಿದರು.

ಜೋಳ ಮಾತ್ರ ಮಹಡಿ ಮೇಲೇ ಉಳಿಯಿತು.