ಗೌರಕ್ಕನ ಬಾಣಂತನ

ಅಟ್ಟದಿಂದ ಒಂದು ಇಲಿ ಸತ್ತು ಬಿದ್ದರೆ ಊರಿಗೆ ಊರೇ ಹೊಲ ಸೇರುತ್ತಿದ್ದ ಕಾಲ ಅದು. ಹೊಳೆನರಸೀಪುರದ ಕಡೆ ಅದಕ್ಕೆ ‘ಊರು ಬಿಡೋದು’ ಎನ್ನುತ್ತಿದ್ದರು. ನಾನಾಗ ಕುಂಟಾಬಿಲ್ಲೆ ಆಡುವ ಹುಡುಗಿ. ಹಿರೀಸಾವೆಗೆ ಕೊಟ್ಟಿದ್ದ ನಮ್ಮ ಗೌರಕ್ಕ ಚೊಚ್ಚಲ ಹೆರಿಗೆಗೆ ಬಂದಿದ್ದಾಗಲೇ ಪ್ಲೇಗು ಬಂತು. ತುಂಬು ಬಸುರಿಯನ್ನು ಗಾಡಿಯಲ್ಲಿ ಕೂರಿಸಿಕೊಂಡು ಹೋಗಿ, ರಾಗಿ ಕೊಯ್ದ ಹೊಲದಲ್ಲಿ ತೆಂಗಿನ ಗರಿಯ ಗುಡಿಸಲು ಹಾಕಿದೆವು. ಅಲ್ಲೇ ಅವಳಿಗೆ ಗಂಡು ಮಗುವಾಯಿತು.

ನಮ್ಮಂಥ ಮಕ್ಕಳಿಗೆ ಅದು ಹಬ್ಬ. ಸ್ಕೂಲಿಲ್ಲ, ದಿನವೆಲ್ಲ ಆಟ, ಸೊಗಡಿನ ಅವರೆಕಾಯಿ, ಬಾಣಂತಿ ಗುಡಿಸಲಿನಿಂದ ಬರುವ ಬೆಳ್ಳುಳ್ಳಿ, ಸಾಂಬ್ರಾಣಿಯ ವಾಸನೆ. ಅವ್ವ ಮಾತ್ರ ಬೆಳಗಾಗುತ್ತಲೇ ನಮ್ಮೆಲ್ಲರ ಕಂಕುಳು ಮುಟ್ಟಿ, ಗಡ್ಡೆ ಎದ್ದಿಲ್ಲವೆಂದು ನೋಡಿಯೇ ಒಲೆ ಹಚ್ಚುತ್ತಿದ್ದಳು.

ಪಕ್ಕದ ಗುಡಿಸಲು ಊರಿನ ಅಂಗಡಿಯವರದು. ಲಿಂಗವಂತರು. ಅವರ ಸೊಸೆ ಪಾರ್ವತಕ್ಕನೂ ಹಸಿ ಬಾಣಂತಿ, ಹೆಣ್ಣು ಕೂಸು. ಒಂದು ಬೆಳಿಗ್ಗೆ ಅವಳು ಕೂಸನ್ನು ಚಾಪೆಯ ಮೇಲೆ ಮಲಗಿಸಿ ಹೊರಗೆ ಬಂದು, ಅತ್ತೆ ನಂಜಮ್ಮಜ್ಜಿಯನ್ನು ದೂರದಿಂದಲೇ ಕರೆದಳು.

“ಅತ್ತೆ, ಜರ ಬಂದದೆ. ಕಂಕುಳಲ್ಲಿ ಗಡ್ಡೆನೂ ಅದೆ. ಮಗಾನ ಎತ್ಕಳಿ, ನನ್ ತಾವು ಬರ್ಬ್ಯಾಡಿ.”

ಹಾಗೆಂದವಳೇ ಹೊಲದಾಚೆಯ ಹೊಂಗೆಮರದ ಕೆಳಗಿದ್ದ ಕಾವಲು ಗುಡಿಸಲಿಗೆ ತಾನೇ ನಡೆದು ಹೋದಳು. ಒಮ್ಮೆಯೂ ತಿರುಗಿ ನೋಡಲಿಲ್ಲ. ನೋಡಿದ್ದರೆ ಹೋಗಲಾಗುತ್ತಿರಲಿಲ್ಲವೇನೋ.

ಬತ್ತಿಯನ್ನು ಹಸುವಿನ ಹಾಲಿನಲ್ಲಿ ಅದ್ದಿ ಬಾಯಿಗಿಟ್ಟರೂ ಕೂಸು ಚೀಪಲಿಲ್ಲ. ಸಂಜೆಯ ಹೊತ್ತಿಗೆ ಅದರ ಅಳು ಸಣ್ಣದಾಗುತ್ತಾ ಬಂತು. ನಂಜಮ್ಮಜ್ಜಿ ಅದನ್ನೆತ್ತಿಕೊಂಡು ನಮ್ಮ ಗುಡಿಸಲಿನ ಮುಂದೆ ನಿಂತಿತು. ಬೇರೆ ಜಾತಿಯವರ ಹತ್ತಿರ ಎದೆಹಾಲು ಕೇಳಲು ಅಜ್ಜಿಗೆ ಬಾಯಿ ಬರಲಿಲ್ಲ. ರೋಗದ ಮನೆಯ ಕೂಸನ್ನು ಕರೆಯಲು ನಮ್ಮವ್ವನಿಗೂ ಬಾಯಿ ಬರಲಿಲ್ಲ.

ಅಕ್ಕ ಎದ್ದು ಬಂದಳು.

“ನಿನ್ ಕೂಸಿಗೆ ಏನಾರ ಆದ್ರೆ ಏನ್ಮಾಡೀಯೆ?” ಅವ್ವ ಅವಳ ತೋಳು ಹಿಡಿದಳು.

“ಅದು ಅಳೋದ ಕೇಳ್ಕಂಡು ನನ್ ಕೂಸಿಗೆ ಎಂಗವ್ವ ಹಾಲು ಕುಡಿಸ್ಲಿ?” ಎಂದು ಅಕ್ಕ ಅಜ್ಜಿಯ ಕಡೆ ಕೈ ಚಾಚಿದಳು. “ಕೊಡಜ್ಜಿ. ಮಿಕ್ಕಿದ್ದು ಆಮ್ಯಾಕೆ ಮಾತಾಡವ.”

ಅವ್ವ ಮತ್ತೆ ಅಡ್ಡ ಬರಲಿಲ್ಲ. ಕೂಸಿನ ಬಟ್ಟೆ ಸುಟ್ಟು, ಬೇವಿನ ನೀರೆರೆದು ಅಕ್ಕನ ಮಡಿಲಿಗೆ ಹಾಕಿದಳು. ಅಂದಿನಿಂದ ಅಕ್ಕನ ಸಾರಿಗೆ ಬೆಳ್ಳುಳ್ಳಿ ಇನ್ನಷ್ಟು ಹೆಚ್ಚು ಬಿತ್ತು. ನಂಜಮ್ಮಜ್ಜಿ ತನ್ನ ಗುಡಿಸಲಿಗೆ ಹಿಂದಿರುಗದೆ ನೇರವಾಗಿ ಸೊಸೆಯ ಆರೈಕೆಗೆ ಹೊಂಗೆಮರದ ಕಡೆ ನಡೆಯಿತು.

ದಿನವೂ ಬಿಸಿಲೇರಿದ ಮೇಲೆ ಅಕ್ಕ ಕೂಸನ್ನು ಬದುವಿನವರೆಗೆ ಒಯ್ದು ಎತ್ತಿ ತೋರಿಸುತ್ತಿದ್ದಳು. ಪಾರ್ವತಕ್ಕ ಬಾಗಿಲಿಗೆ ತೆವಳಿ ಬಂದು ನೋಡುತ್ತಿದ್ದಳು. ಒಂದು ದಿನ ಯಾರೂ ಕಾಣಲಿಲ್ಲ. ಅಕ್ಕ ಅಲ್ಲಾಡದೆ ನಿಂತು, “ಪಾರ್ವತಕ್ಕ, ಮಗಾ ಬಂದದೆ ಕಣಕ್ಕ, ನೋಡು” ಎಂದು ಕೂಗುತ್ತಲೇ ಇದ್ದಳು. ಬಹಳ ಹೊತ್ತಿನ ಮೇಲೆ ಬಾಗಿಲಲ್ಲಿ ಒಂದು ಕೈ ಕಂಡಿತು.

ಗಡ್ಡೆ ಒಡೆದು ಪಾರ್ವತಕ್ಕ ಬದುಕಿದಳು. ಜ್ವರ ಅತ್ತೆಗೆ ತಗುಲಿತು. ಆ ಅಜ್ಜಿ ಹೊಂಗೆಮರದ ಕೆಳಗಿನಿಂದ ವಾಪಸು ಬರಲಿಲ್ಲ.

ಪಾರ್ವತಕ್ಕ ಒಬ್ಬಳೇ ಬಂದಾಗ ಗುರುತೇ ಸಿಗದಷ್ಟು ಸೊರಗಿದ್ದಳು. ದೂರ ಕೂತು, “ಮುಟ್ಬೋದಾ?” ಎಂದು ಕೇಳಿದಳು. ಅಕ್ಕ ಕೂಸನ್ನು ಅವಳ ಮಡಿಲಲ್ಲಿಟ್ಟಳು. ಅದು ಅವಳನ್ನು ಗುರುತಿಸದೆ ಕಿಟಾರನೆ ಅತ್ತಿತು. ಅಕ್ಕ ಸಮಾಧಾನಪಡಿಸಲು ಹೋದರೆ ಪಾರ್ವತಕ್ಕ ತಡೆದಳು.

“ಅಳ್ಲಿ ಬುಡು ಗೌರವ್ವ. ಇಷ್ಟು ಜೋರಾಗಿ ಅಳೋ ಅಂಗೆ ಸಾಕಿದೀಯಲ್ಲ” ಎಂದವಳ ಕಣ್ಣಿಂದ ನೀರಿಳಿಯುತ್ತಿತ್ತು.

ಅವಳ ಎದೆಹಾಲು ಬತ್ತಿಹೋಗಿತ್ತು. ಹಿರೀಸಾವೆಯಿಂದ ಗಾಡಿ ಬಂದರೂ ಅಕ್ಕ ಹೊರಡಲಿಲ್ಲ. ಹೆಣ್ಣುಕೂಸು ರಾಗಿ ಸರಿ ತಿನ್ನುವವರೆಗೂ ಉಳಿದಳು. ಅವಳು ಮಾಡಿದ್ದನ್ನು ಊರಲ್ಲಿ ಯಾರೂ ದೊಡ್ಡದು ಮಾಡಿ ಹೇಳಲಿಲ್ಲ. ಅವಳಂತೂ ಹೇಳಿಕೊಳ್ಳಲೇ ಇಲ್ಲ.

ಆ ಕಾಲ ಮತ್ತೆ ಬರಲೆಂದು ನಾನು ಬಯಸಲಾರೆ. ಈಗ ಆಸ್ಪತ್ರೆಯಿದೆ, ಔಷಧಿಯಿದೆ, ಡಬ್ಬದಲ್ಲಿ ಹಾಲಿನ ಪುಡಿಯಿದೆ. ನಮ್ಮ ಪಕ್ಕದ ಮನೆಯಲ್ಲೂ ಒಬ್ಬಳು ಬಾಣಂತಿ ಇದ್ದಾಳೆ. ಗೋಡೆಯಾಚೆ ಮಗು ಅಳುವುದು ನನಗೆ ಕೇಳಿಸುತ್ತದೆ. ಅದರ ತಾಯಿಯ ಹೆಸರು ಮಾತ್ರ ನನಗಿನ್ನೂ ತಿಳಿಯದು.